ನಿಲ್ಲದ ಗೆರೆ

"ಇದೂ ನಡಗ್ತದ, ಚೇತನ. ತಗಿ ಇದನ್ನ," ಎಂದು ಡಾಕ್ಟರ್ ಅವಧೂತ ಕೈಯಲ್ಲಿದ್ದ ಟ್ರಾನ್ಸ್‌ಮಿಟರನ್ನು ಗಾಜಿನ ಕೌಂಟರಿನ ಮೇಲಿಟ್ಟು, ಅದು ಕಚ್ಚೀತೆಂಬಂತೆ ಹಿಂದೆ ಸರಿದ. ಕಿಟಕಿಯವರೆಗೆ ಹೋಗಿ ಕೆಳಗೆ ಸದಾಶಿವ ಪೇಠದ ಸಂಜೆಯ ಗದ್ದಲ ನೋಡಿದ. ನೋಡಿದ್ದು ತಲೆಗೆ ಹೋಗಲಿಲ್ಲ, ಮತ್ತೆ ಕೌಂಟರಿಗೆ ಬಂದ. ಅಂಗಡಿಗೆ ಕಾಲಿಟ್ಟಾಗಿನಿಂದ ಅವನು ಒಂದು ಕಡೆ ನಿಂತವನಲ್ಲ.

ಚೇತನ ಅಂಗಡಿಯ ಮಾಲೀಕ, ಬೆಳಗಾವಿ ಕಡೆಯವನು. ನೆಲದಿಂದ ನಡೆಸುವ ಮಾಡೆಲ್ ವಿಮಾನಗಳು, ಅವುಗಳ ಮೋಟಾರು, ಬ್ಯಾಟರಿ, ರೆಕ್ಕೆ ಎಲ್ಲವೂ ಅವನಲ್ಲಿ ಸಿಗುತ್ತಿದ್ದವು. ಮಿಕ್ಕ ಗಿರಾಕಿಗಳೊಂದಿಗೆ ಮರಾಠಿ, ಡಾಕ್ಟರ್ ಬಂದರೆ ಮಾತ್ರ ಕನ್ನಡ. ಅವನು ಟ್ರಾನ್ಸ್‌ಮಿಟರಿನ ಸೆಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡು ಪರದೆಯ ಮೇಲಿನ ಗೆರೆ ನೋಡಿದ. "ಬೆರಳು ಬಿಟ್ಟಾಗ ಗೆರಿ ಗಟ್ಟಿ ನಿಂತೈತಲ್ರಿ ಡಾಕ್ಟರ್ ಸಾಹೇಬ್ರ?"

"ಬಿಟ್ಟು ಯಾರು ವಿಮಾನ ಹಾರಸ್ತಾರೋ? ಬೆರಳಿಟ್ಟಾಗ ನಿಲ್ಲಬೇಕು."

ಮೂಲೆಯ ಸ್ಟೂಲಿನ ಮೇಲೆ ಎಡಗೆನ್ನೆಗೆ ಅಂಗೈ ಒತ್ತಿಕೊಂಡು ಕೂತಿದ್ದ ಹೆಂಡತಿ ಇಂದೂ ಬಾಯಿ ಹಾಕಿದಳು. "ಒಂದು ರಿಮೋಟ್ ಆರಸ್ಲಿಕ್ಕೆ ಇಷ್ಟೊತ್ತೇನ್ರಿ? ನನ್ನ ನೋಡ್ಲಿಕ್ಕೆ ಬಂದಾಗ ಇದರ ಅರ್ಧಾ ವೇಳ್ಯಾನೂ ತಗೊಂಡಿರ್ಲಿಲ್ಲ ನೀವು." ನಗಲು ಹೋದವಳು ಹಲ್ಲು ಜುಮ್ಮೆಂದು ಮುಖ ಹಿಂಡಿದಳು.

ಅವಳ ಸಿಟ್ಟು ನ್ಯಾಯವಾದದ್ದೇ. ಬಿಬವೇವಾಡಿಯಲ್ಲಿ ಗಂಡನ ದಂತ ಚಿಕಿತ್ಸಾಲಯವಿದೆ. ಆ ಕಡೆಯ ಅರ್ಧ ಮಂದಿಯ ಬಾಯಿ ಅವನಿಗೆ ಗೊತ್ತು, ರಸ್ತೆಯಲ್ಲಿ ಎದುರಾದರೆ ಹೆಸರಿಗಿಂತ ಮೊದಲು ಹಲ್ಲು ನೆನಪಾಗುತ್ತದೆ. ಅಂಥವನ ಹೆಂಡತಿಯ ಕೆಳದವಡೆ ಎರಡು ವಾರದಿಂದ ಜೀವ ಹಿಂಡುತ್ತಿದ್ದರೆ, "ನಾಳೆ ನೋಡೋಣ" ಎನ್ನುತ್ತ ನುಣುಚಿಕೊಳ್ಳುತ್ತಾನೆ. ಲವಂಗದೆಣ್ಣೆಯ ಹತ್ತಿ ಕಚ್ಚಿಕೊಂಡು ಎಷ್ಟು ದಿನ ಇರುವುದು? ಇವತ್ತು "ಕಾರು ಹತ್ತು" ಅಂದಾಗ ಕ್ಲಿನಿಕ್ಕಿಗೇ ಎಂದುಕೊಂಡು ಬಂದಿದ್ದಳು. ಕಾರು ನಿಂತದ್ದು ವಿಮಾನದ ಅಂಗಡಿಯ ಮುಂದೆ.

ಅವಧೂತನಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೇ ನೆಟ್ಟಗೆ ಹೇಳಿಕೊಂಡಿರಲಿಲ್ಲ. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಬಲಗೈಯ ಕಪ್ಪು ಬಸಿಯ ಮೇಲೆ ಕಟಕಟ ಎಂದಿತ್ತು. ನಿದ್ದೆ ಸಾಲದ್ದಕ್ಕೆ ಅಂದುಕೊಂಡ. ಆಮೇಲೆ ಕಾಫಿಯ ದೆಸೆಯಿಂದ ಎಂದು ಹುಟ್ಟಿನಿಂದ ಬಂದಂತಿದ್ದ ಕಾಫಿಯನ್ನೇ ಬಿಟ್ಟ. ಕಟಕಟ ನಿಲ್ಲಲಿಲ್ಲ. ಒಬ್ಬರ ಬಾಯಲ್ಲಿ ಸೂಜಿ ಹಿಡಿದಾಗ ಕೈ ಒಮ್ಮೆ ಅದುರಿದ ಮೇಲಂತೂ ನಾಜೂಕಿನ ಕೆಲಸವನ್ನೆಲ್ಲ ಏನೇನೋ ನೆವ ಹೇಳಿ ತನ್ನ ಕೈಕೆಳಗಿನ ಡಾಕ್ಟರ್ ಮಿಥುನನಿಗೆ ದಾಟಿಸತೊಡಗಿದ. ಕೈ ಹೋದರೆ ಹಲ್ಲಿನ ಡಾಕ್ಟರನ ಹತ್ತಿರ ಉಳಿಯುವುದೇನು? ಬಿಳಿ ಕೋಟು, ಬಾಗಿಲ ಮೇಲಿನ ಬೋರ್ಡು.

ಹೋದ ಭಾನುವಾರ ಸಾಸವಡದ ಹತ್ತಿರದ ಬಯಲಿನಲ್ಲಿ, ಅವನೇ ತಿಂಗಳುಗಟ್ಟಲೆ ಕೂತು ಕಟ್ಟಿದ್ದ ವಿಮಾನ ಇಳಿಯುವಾಗ ಹೊಯ್ದಾಡಿ ಜಾಲಿಯ ಮರಕ್ಕೆ ಬಡಿದು ಚೂರಾಯಿತು. ಜೊತೆಗೆ ಹಾರಿಸುವ ಮಧುಕರ್ ಬಿಸಿಲು ಕಣ್ಣಿಗೆ ಹೊಡೆದಿರಬೇಕು ಅಂದ. ಅವಧೂತ ಅದಕ್ಕಿಂತ ಒಳ್ಳೆಯ ಆರೋಪಿಯನ್ನು ಹಿಡಿದ, ತನ್ನ ಹಳೆಯ ಟ್ರಾನ್ಸ್‌ಮಿಟರು. ಅದರೊಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಸವೆದಿವೆ, ಅದಕ್ಕೇ ವಿಮಾನ ನಡುಗುತ್ತದೆ. ಹೊಸದು ಕೊಂಡರೆ ಎಲ್ಲ ಸರಿಹೋಗುತ್ತದೆ. ಹೀಗೆ ನಂಬಿದ ಮೇಲೆ ಒಂದು ವಾರ ಹಾಯಾಗಿ ನಿದ್ದೆ ಮಾಡಿದ್ದ.

ಆದರೆ ಹಳೆಯ ಸೆಟ್ಟಿಗೆ ಪರದೆ ಇರಲಿಲ್ಲ. ಹೊಸವಕ್ಕೆ ಇತ್ತು. ಹೆಬ್ಬೆರಳಿನ ಕೆಳಗಿನ ಸ್ಟಿಕ್ಕು ಎಷ್ಟು ಅಲುಗುತ್ತದೋ ಅಷ್ಟೇ ಪರದೆಯ ಮೇಲೆ ಒಂದು ಗೆರೆ ಅಲುಗುತ್ತದೆ. ಮೊದಲು ನೋಡಿದ ಅಗ್ಗದ ಸೆಟ್ಟಿನಲ್ಲಿ ಗೆರೆ ಪತರಗುಟ್ಟಿದಾಗ "ಇದರೊಳಗೂ ಉಜ್ಜೋ ಭಾಗ ಅವ" ಎಂದು ಪಕ್ಕಕ್ಕಿಟ್ಟಿದ್ದ. ಈಗಿನದು ನಡುವಿನ ದರ್ಜೆಯದು. ಇದರಲ್ಲಿ ಉಜ್ಜುವ ಭಾಗವೇ ಇಲ್ಲ, ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಸವೆಯುವ ಮಾತೇ ಇಲ್ಲ. ಆದರೂ ಗೆರೆ ನಿಲ್ಲುತ್ತಿಲ್ಲ.

"ಇದರಾಗ ಇನ್ನೊಂದು ಪೀಸ್ ತಗಿ. ಇದೊಂದು ಕೆಟ್ಟಿರಬೇಕು."

ಚೇತನ ಅವನ ಮುಖ ನೋಡಿದ, ಕೈ ನೋಡಿದ, ಒಳಗಿನಿಂದ ಇನ್ನೊಂದು ಡಬ್ಬಿ ತಂದು ಬ್ಯಾಟರಿ ಹಾಕಿ ಕೊಟ್ಟ. ಅವಧೂತ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು, ಹೆಬ್ಬೆರಳು ಇಟ್ಟ. ಗೆರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿಯತೊಡಗಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬದುಕಿದೆ ಎನ್ನಿಸಿ, "ಹಿಡಿ ಇದನ್ನ" ಎಂದು ಸೆಟ್ಟನ್ನು ಇಂದೂಳ ಮಡಿಲಿಗಿಟ್ಟು ಬಾಗಿಲ ಕಡೆ ಹೋದ. ಮಿಥುನನ ಫೋನು. ನಾಳೆ ಹತ್ತು ಗಂಟೆಗೆ ಬರುವ ಬ್ಯಾಂಕಿನ ಹೆಣ್ಣುಮಗಳ ದವಡೆ ಹಲ್ಲು ತೆಗೆಯಬೇಕಲ್ಲ, ಬೇರು ನರದ ತೀರ ಹತ್ತಿರವಿದೆ, ತಾವು ಮಾಡುತ್ತೀರೋ ನಾನು ಮಾಡಲೋ ಎಂದು ಕೇಳಿದ. "ಆಮ್ಯಾಲೆ ಹೇಳ್ತೀನಿ" ಎಂದು ಅವಧೂತ ಫೋನಿಟ್ಟು ತಿರುಗಿದ.

ಇಂದೂ ಅವನನ್ನೇ ಅಣಕಿಸುವವಳಂತೆ ಮೊಣಕೈ ಒತ್ತಿಕೊಂಡು, ಎರಡೂ ಹೆಬ್ಬೆರಳನ್ನು ಸ್ಟಿಕ್ಕಿನ ಮೇಲಿಟ್ಟು, ಚಾವಣಿಯತ್ತ ಕತ್ತೆತ್ತಿ ಇಲ್ಲದ ವಿಮಾನವನ್ನು ನೋಡುತ್ತಿದ್ದಳು. "ನೋಡ್ರಿ, ನಾನೂ ಹಾರಸ್ತೀನಿ," ಅಂದಳು.

ಪರದೆಯ ಮೇಲೆ ಗೆರೆ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು.

ಅವಧೂತ ಅದನ್ನು ನೋಡಿದ. ಅವನು ನೋಡಿದ್ದನ್ನು ಇಂದೂ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅವಳ ಕಣ್ಣು ಪರದೆಯಿಂದ ಗಂಡನ ಬಲಗೈಗೆ ಹೋಯಿತು. ಆ ಕೈ ಆಗಲೇ ಪ್ಯಾಂಟಿನ ಜೇಬಿನೊಳಗೆ ಸೇರಿಕೊಂಡಿತ್ತು. ಚೇತನ ಅಗತ್ಯವೇ ಇಲ್ಲದ ಬ್ಯಾಟರಿ ಪೊಟ್ಟಣಗಳನ್ನು ಜೋಡಿಸಿಡತೊಡಗಿದ.

ಕೊನೆಗೆ ಅವನೇ ಮೆಲ್ಲಗೆ ಅಂದ, "ಇದರಾಗ ಒಂದು ಸೆಟಿಂಗ್ ಐತ್ರಿ ಸಾಹೇಬ್ರ. ನಡುವಿನ ಸಣ್ಣ ಅಲುಗಾಟ ವಿಮಾನಕ್ಕ ಹೋಗಲಾರದಂಗ ತಡೀತೈತಿ. ಗೆರಿ ಗಟ್ಟಿ ನಿಂದರತೈತಿ. ಭಾಳ ಮಂದಿ ಹಾಕ್ಸಿಕೋತಾರ. ಹಾಕಿ ಕೊಡ್ಲೇನ್ರಿ?"

ಅವಧೂತನಿಗೆ ಆಸೆಯಾಯಿತು. ಇಂಥದ್ದೊಂದು ಸೆಟಿಂಗು ಸೂಜಿಗೂ ಇದ್ದಿದ್ದರೆ ಎಂದು ಒಂದು ಗಳಿಗೆ ಮಗುವಿನಂತೆ ಆಸೆಪಟ್ಟ. "ಹಾಕು," ಅಂದ.

"ಈಗ ಬ್ಯಾಡ್ರಿ," ಎಂದಳು ಇಂದೂ, ಸ್ಟೂಲಿನಿಂದ ಏಳುತ್ತ. "ಇದನ್ನ ಕೊಡ್ರಿ, ಹೆಂಗದೋ ಹಂಗ. ಬ್ಯಾಟ್ರಿ ಇರ್ಲಿ ಅದರಾಗ."

ಕಾರಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಸ್ವಾರಗೇಟಿನ ಹತ್ತಿರ ಕೆಂಪು ದೀಪಕ್ಕೆ ಸಿಕ್ಕಿಬಿದ್ದರು. ಅವಧೂತ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದ. ಬಿಗಿ ಹಿಡಿದರೆ ಗೊತ್ತಾಗುವುದಿಲ್ಲ ಎಂಬುದನ್ನು ಇಷ್ಟು ದಿನದಲ್ಲಿ ಕಲಿತಿದ್ದ.

"ಕಾಫಿ ಬಿಟ್ಟಿದ್ದು ಇದಕ್ಕೇನ್ರಿ?"

"ಹೂಂ."

"ನನ್ನ ಹಲ್ಲು ಮುಟ್ಟಲಾರದ್ದೂ?"

"ನಿನ್ನ ಬಾಯಾಗ ಸೂಜಿ ಇಟ್ಟಾಗ ಕೈ ಅದುರಿದ್ರ..."

ಎರಡು ವಾರ ಕೂಡಿಟ್ಟಿದ್ದ ಸಿಟ್ಟನ್ನು ಇನ್ನು ಎಲ್ಲಿಡಬೇಕೋ ಇಂದೂಗೆ ತಿಳಿಯಲಿಲ್ಲ. ಕೆನ್ನೆಯ ಮೇಲಿನ ಕೈ ತೆಗೆದು, "ನಾಳೆ ಮಿಥುನ ನೋಡ್ಲಿ ನನ್ನ ಹಲ್ಲು. ನೀವು ಬಾಜೂಕ ನಿಂತು ಲೈಟ್ ಹಿಡೀರಿ," ಅಂದಳು.

"ಲೈಟಿಗೆ ಸ್ಟ್ಯಾಂಡ್ ಅದ."

"ಹಂಗಾರ ನನ್ನ ಕೈ ಹಿಡೀರಿ. ಅದಕ್ಕೇನು ಸ್ಟ್ಯಾಂಡ್ ಇಲ್ಲಲ್ಲ. ಆಮ್ಯಾಲೆ ನಿಮ್ಮ ಕೈ ತೋರಿಸ್ಲಿಕ್ಕೆ ಹೋಗೋಣ."

ಅವಧೂತ ಗೇರನ್ನು ಹಾಕಿದ, ತೆಗೆದ, ಕನ್ನಡಿ ಸರಿಮಾಡಿದ. ಇಂದೂ ಡಬ್ಬಿ ಬಿಚ್ಚಿ ಸೆಟ್ಟನ್ನು ಹೊರತೆಗೆದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಅದನ್ನು ಇಬ್ಬರ ನಡುವೆ ಹಿಡಿದಳು.

"ಇಡ್ರಿ ಬೆರಳು."

"ಇಂದೂ, ಬ್ಯಾಡ."

"ಇಡ್ರಿ. ನಾನೊಬ್ಬಾಕಿನೇ ಇದ್ದೀನಿ."

ಅವನು ಬಲಗೈಯನ್ನು ಸ್ಟಿಯರಿಂಗಿನಿಂದ ಬಿಡಿಸಿಕೊಂಡು ಹೆಬ್ಬೆರಳನ್ನು ಸ್ಟಿಕ್ಕಿನ ಮೇಲಿಟ್ಟ. ಗೆರೆ ನಡುಗಿತು. ಅಂಗಡಿಯಲ್ಲಾದರೆ ಆಗಲೇ ಬೆರಳು ಎತ್ತಿಬಿಡುತ್ತಿದ್ದ. ಈಗ ಎತ್ತಲಿಲ್ಲ.

"ಮಿಥುನಗ ಫೋನ್ ಹಚ್ಚು," ಅಂದ. "ನಾಳೆ ಹತ್ತಕ್ಕೆ ಬರೋ ಬ್ಯಾಂಕಿನಾಕಿ ಹಲ್ಲು ಅವನೇ ತಗೀಲಿ ಅಂತ ಹೇಳೋದದ."

ಇಂದೂ ಒಂದು ಕೈಯಲ್ಲಿ ಸೆಟ್ಟನ್ನು ಹಿಡಿದೇ ಇನ್ನೊಂದರಲ್ಲಿ ನಂಬರು ಒತ್ತಿದಳು. ಆ ಕಡೆ ಫೋನು ಹೊಡೆದುಕೊಳ್ಳತೊಡಗಿತು. ದೀಪ ಹಸಿರಾಗಿ, ಹಿಂದಿನ ರಿಕ್ಷಾದವನು ಹಾರ್ನ್ ಒತ್ತಿ ಹಿಡಿದ. ಅವಧೂತನ ಬೆರಳು ಸ್ಟಿಕ್ಕಿನ ಮೇಲೆಯೇ ಇತ್ತು, ಇಬ್ಬರೂ ಗೆರೆ ನೋಡುತ್ತಿದ್ದರು.