ಅರ್ಧ ಸಾನ್ನಾ

"ಓರೆ ಮಾಡಿ, ಓರೆ ಮಾಡಿ! ಕಾಲಿನ ಕಡೆ ಮೊದಲು ಒಳಗೆ ಹೋಗಲಿ!" ಎಂದು ಅಲೆಕ್ಸಾಂಡರ್ ಅಂಗಳದಿಂದ ಕೂಗುತ್ತಿದ್ದ. ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹೊರಗೆ ನಾಲ್ವರು ತಳ್ಳುತ್ತಿದ್ದರು, ಒಳಗೆ ಇಬ್ಬರು ಎಳೆಯುತ್ತಿದ್ದರು. ಪರ್ಕಳದ ಆ ಸಣ್ಣ ಮನೆಯ ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ದಾರಿ ಕೊಡಲಿಲ್ಲ. ಕೊನೆಗೆ ಕದವನ್ನೇ ಕಳಚಿ ಗೋಡೆಗೆ ಒರಗಿಸಿಟ್ಟ ಮೇಲೆ ಪೆಟ್ಟಿಗೆ ಒಳಗೆ ಬಂತು.

ಮಂಚದ ಮೇಲೆ ಜೋಕಿಮ್ ಮದುವೆಯ ಕೋಟು ತೊಟ್ಟು ಮಲಗಿದ್ದ. ಇಪ್ಪತ್ತು ವರ್ಷ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಿದ್ದ ಕೋಟು ಈಗ ಅವನ ಮೈಗೆ ಹೊಲಿಸಿದ ಹಾಗೆ ಕೂತಿತ್ತು. ಅವನನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದಾಗ ಎರಡೂ ಬದಿಯಲ್ಲಿ ಒಂದೊಂದು ಗೇಣಿಗಿಂತ ಹೆಚ್ಚು ಜಾಗ ಉಳಿಯಿತು. ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂತ ದೊಡ್ಡಪ್ಪ ಇದು? ಅಳತೆ ಕೊಡಲಿಲ್ವಾ?" ಎಂದಳು ಮಗಳು ಲೊರ್ನಾ.

ಅಲೆಕ್ಸಾಂಡರ್ ಬೆವರು ಒರೆಸಿಕೊಂಡ. ಅವನು ಜೋಕಿಮನ ಅಣ್ಣ, ಕಾರ್ಕಳದವನು. "ಕೊಡಲಿಕ್ಕೆ ಬಿಡಬೇಕಲ್ಲ ಮಗಾ! ಕಾರ್ಕಳದ ಬಡಗಿಗೆ ಹೆಸರು ಹೇಳಿದ್ದೇ ತಡ, 'ದೊಡ್ಡ ಜೋಕಿಮನಿಗಾ? ಅಳತೆ ಬೇಡ ಮಾರಾಯ್ರೆ, ನನಗೆ ಗೊತ್ತುಂಟು' ಅಂದ. ಇಪ್ಪತ್ತು ವರ್ಷ ಇವನ ಬಸ್ಸಿನಲ್ಲೇ ಹೋಗಿ ಬಂದವನು. ಮತ್ತೆ ನಿಜ ಹೇಳಬೇಕಾದರೆ, ನನ್ನ ಮನಸ್ಸಲ್ಲೂ ಇವನು ಇನ್ನೂ ಹಾಗೇ ಇದ್ದದ್ದು."

ರೋಸಿಗೆ ಸಿಟ್ಟು ಬರಲಿಲ್ಲ. ಅವಳು ಗಂಡನ ಬದಿಯ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಆಮೇಲೆ ಅಲೆಕ್ಸಾಂಡರನನ್ನು ಮೆಲ್ಲಗೆ ಅಡುಗೆಮನೆಗೆ ಕರೆದಳು.

"ಬಾವ, ಒಂದು ನಿಜ ಹೇಳಿ. ನಿಮ್ಮಲ್ಲಿಗೆ ಬಂದಾಗ ಇವರು ಗುಟ್ಟಲ್ಲಿ ಎಂತಾದರೂ ತಿಂತಿದ್ದರಾ?"

ಅಲೆಕ್ಸಾಂಡರ್ ಗಾಬರಿಯಿಂದ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ದೇವರಾಣೆ ಇಲ್ಲ ರೋಸಿ! ಒಂದು ತುಂಡು ಮಾಂಸ ಮುಟ್ಟಲಿಲ್ಲ. ನಿನ್ನ ಮಾತು ಮೀರಿದವನೇ ಅಲ್ಲ."

ಅವಳ ಮುಖ ಇನ್ನಷ್ಟು ಬಾಡಿತು. ತಾನು ಎಲ್ಲಿ ತಪ್ಪಿ ಮಾತಾಡಿದೆ ಎಂದು ಪಾಪ ಅವನಿಗೆ ತಿಳಿಯಲಿಲ್ಲ. ಈ ನಾಲ್ಕು ವರ್ಷ ಗಂಡನ ಜೇಬು ಮೂಸಿ ನೋಡಿದ ಹೆಂಗಸು ಇವತ್ತು 'ಹೌದು, ತಿಂದ' ಎಂಬ ಒಂದು ಮಾತಿಗಾಗಿ ಹಂಬಲಿಸುತ್ತಿದ್ದಾಳೆ ಎಂದು ಯಾರಿಗೆ ತಾನೇ ತಿಳಿಯಬೇಕು?

*

ಕಾರ್ಕಳ–ಉಡುಪಿ ಬಸ್ಸಿನಲ್ಲಿ ಡ್ರೈವರ್ ಸೀಟು ತುಂಬಿ ಚೆಲ್ಲುವ ಹಾಗೆ ಕೂರುತ್ತಿದ್ದ ಜೋಕಿಮ್. ಸ್ಟಿಯರಿಂಗು ಅವನ ಹೊಟ್ಟೆಗೆ ಉಜ್ಜಿ ಉಜ್ಜಿ, ಹೊಸ ಅಂಗಿ ಆರು ತಿಂಗಳಾಗುವುದರೊಳಗೆ ಹೊಟ್ಟೆಯ ಮೇಲೆ ಕಮಾನಿನಂತೆ ಸವೆದು ಬೆಳ್ಳಗಾಗುತ್ತಿತ್ತು. ಭಾನುವಾರ ಇಗರ್ಜಿಯಿಂದ ಬಂದವನು ಶೇಂದಿ ಹಾಕಿ ಹುದುಗೆಬ್ಬಿಸಿದ ಇಡ್ಲಿಯಂಥ ಸಾನ್ನಾಗಳನ್ನು ಹಂದಿ ಮಾಂಸದ ಸಾರಿಗೆ ಅದ್ದಿ ಎಂಟು ತಿಂದು, ಒಂಬತ್ತನೆಯದಕ್ಕೆ ಕೈಚಾಚುತ್ತ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ನಗುತ್ತ ಹತ್ತನೆಯದನ್ನೂ ಬಡಿಸುತ್ತಿದ್ದಳು. ಆಗ ಅದು ಪ್ರೀತಿಯಾಗಿತ್ತು.

ಎರಡು ಸಾವಿರದ ಎರಡರ ಮೇ ತಿಂಗಳಲ್ಲಿ ಪರ್ಕಳದ ಏರಿನಲ್ಲಿ ಎದೆ ಹಿಂಡಿತು. ಬಸ್ಸನ್ನು ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, "ಜನರನ್ನು ಇಳಿಸು ಸರ್ವೋತ್ತಮ" ಎಂದು ಕಂಡಕ್ಟರನಿಗೆ ಹೇಳಿಯೇ ಅವನು ಒರಗಿದ್ದು. ಮಣಿಪಾಲದ ಆಸ್ಪತ್ರೆಯಲ್ಲಿ ತೂಕ ನೋಡಿದರೆ ನೂರ ಇಪ್ಪತ್ತೆರಡು ಕಿಲೊ.

"ಹೃದಯ ದುರ್ಬಲವಾಗಿದೆ," ಎಂದರು ಡಾಕ್ಟರು. "ಇಷ್ಟು ಭಾರ ಹೊತ್ತುಕೊಂಡು ಅದು ಹೆಚ್ಚು ದಿನ ದುಡಿಯುವುದಿಲ್ಲ. ಮಾತ್ರೆ ಬಿಡಬೇಡಿ. ಉಪವಾಸವೂ ಬೇಡ. ಅರ್ಧ ತಟ್ಟೆ ತರಕಾರಿ, ಅನ್ನ ಕಡಿಮೆ, ದಿನಾ ನಡಿಗೆ. ನಿಧಾನ ಇಳಿಸಿ."

ಡಾಕ್ಟರು ಹೇಳಿದ್ದನ್ನು ರೋಸಿ ಬೈಬಲಿನ ಹತ್ತು ಕಟ್ಟಳೆಗಳ ಜೊತೆ ಹನ್ನೊಂದನೆಯದಾಗಿ ಸೇರಿಸಿಕೊಂಡಳು. ತೆಂಗಿನ ಗೆರಟೆಯ ಸೌಟಿನಲ್ಲಿ ಒಂದೇ ಸಲ ಕುಚ್ಚಲಕ್ಕಿ ಅನ್ನ. ಉಳಿದದ್ದು ಹರಿವೆ ಸೊಪ್ಪು, ಬೆಂಡೆ, ಬೇಯಿಸಿದ ಬಂಗುಡೆ ಮೀನು. ತಟ್ಟೆ ಖಾಲಿಯಾದಾಗ ಅವನು ತಲೆಯೆತ್ತಿ "ಆಯ್ತಾ?" ಎನ್ನುತ್ತಿದ್ದ. ಅವಳು "ಆಯ್ತು" ಎನ್ನುತ್ತಿದ್ದಳು. ನಾಲ್ಕು ವರ್ಷ ಆ ಮನೆಯ ಊಟ ಹೀಗೇ ಮುಗಿಯಿತು.

ಬಸ್ಸಿನ ಯಜಮಾನರು ಅವನನ್ನು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಮಾಡಿದರು. ದಿನಾ ಕಾರ್ಕಳಕ್ಕೆ ಹೋಗುವುದು ತಪ್ಪಿತು. ತೂಕ ಮೆಲ್ಲಮೆಲ್ಲಗೆ ಇಳಿದು ಎರಡು ವರ್ಷದಲ್ಲಿ ಎಂಬತ್ತಮೂರಕ್ಕೆ ಬಂತು.

ಆ ವರ್ಷ ಕಾಪುವಿನ ದೀಪಸ್ತಂಭ ಹತ್ತಿದರು. ಹಿಂದೆ ಲೊರ್ನಾ ಸಣ್ಣವಳಿದ್ದಾಗ ಹೋದ ಸಲ, ತಾಯಿ ಮಗಳು ಹತ್ತಿ ಇಳಿಯುವವರೆಗೆ ಅವನು ಕೆಳಗೆ ಚಪ್ಪಲಿ ಕಾಯುತ್ತ ಕೂತಿದ್ದ. ಈ ಸಲ ಬಂಡೆ ಹತ್ತಿ, ಸುತ್ತು ಮೆಟ್ಟಿಲು ಹತ್ತಿ, ರೋಸಿಗಿಂತ ಮೊದಲು ಮೇಲೆ ನಿಂತಿದ್ದ. ಸಮುದ್ರ ನೋಡಿದ. ಮೀನಿನ ದೋಣಿಗಳನ್ನು ಎಣಿಸಿದ. ಆಮೇಲೆ ಅವಳ ಕೈ ಹಿಡಿದು ಹೇಳಿದ:

"ಎಷ್ಟು ಚೆಂದ ಉಂಟು ರೋಸಿ! ಈ ಗಾಳಿಗೆ ಒಂದು ಹಂಡೆ ಸಾನ್ನಾ ತಿನ್ನಬಹುದು, ಅಲ್ವಾ?"

ಅವಳು ನಕ್ಕಿದ್ದಳು. ಆದರೆ ಕೊಡಲಿಲ್ಲ.

*

ಈಗ ಈಸ್ಟರಿನ ಮುಂಚಿನ ತಪಸ್ಸುಕಾಲ. ಕಳೆದ ಭಾನುವಾರ ಪಕ್ಕದ ಮನೆಯ ಆಂಜೆಲಾ ಸಾನ್ನಾ ಬೇಯಿಸುತ್ತಿದ್ದ ಹಬೆ ಬೇಲಿ ದಾಟಿ ಬಂತು. ಜೋಕಿಮ್ ಜಗಲಿಯಲ್ಲಿ ಕೂತು ಉಸಿರೆಳೆದುಕೊಂಡ.

"ಅರ್ಧ ಸಾನ್ನಾ ತರ್ತೀಯಾ?"

"ಈಸ್ಟರಿಗೆ ಎರಡು ಕೊಡ್ತೇನೆ. ಇಡೀ ಎರಡು."

"ಊರವರಿಗೆ ನಲವತ್ತು ದಿನದ ಉಪವಾಸ, ನನಗೆ ನಾಲ್ಕು ವರ್ಷದ್ದು," ಎಂದು ನಕ್ಕ.

ಬುಧವಾರ ಬೆಳಿಗ್ಗೆ ನಡಿಗೆಗೆ ಹೊರಟು ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಅರ್ಧ ಸಾನ್ನಾ ಬೇಡವೆಂದು ಡಾಕ್ಟರು ಹೇಳಿರಲಿಲ್ಲ. ಬೇಡವೆಂದವಳು ರೋಸಿ.

*

"ಬದಿಗೆ ತಲೆದಿಂಬು ಇಡುವ," ಎಂದಳು ಆಂಜೆಲಾ. "ಹೊತ್ತುಕೊಂಡು ಹೋಗುವಾಗ ಅಲುಗಾಡಬಾರದಲ್ವಾ?"

"ದಿಂಬು ಬೇಡ," ಎನ್ನುತ್ತ ರೋಸಿ ಮಂಚದ ಕೆಳಗಿನ ಟ್ರಂಕು ಎಳೆದಳು. ಅದರಲ್ಲಿ ಹಳೆಯ ಖಾಕಿ ಅಂಗಿಗಳಿದ್ದವು, ಒಂದೊಂದೂ ಚಾದರದಷ್ಟು ಅಗಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವನಿಗೆ ಹಾಕಲು ಮನಸ್ಸು ಬಾರದೆ ಇಟ್ಟದ್ದು. ಅವಳು ಒಂದೊಂದನ್ನೇ ಬಿಡಿಸಿ, ಹೊಟ್ಟೆಯ ಮೇಲಿನ ಸವೆದ ಕಮಾನನ್ನು ಸವರಿ, ಮಡಚಿ ಅವನ ಎರಡೂ ಬದಿಗೆ ತುಂಬಿದಳು. ಏಳೆಂಟು ಅಂಗಿ ಹೋದ ಮೇಲೆ ಪೆಟ್ಟಿಗೆ ಭರ್ತಿಯಾಯಿತು. ಬಡಗಿಯ ಅಳತೆ ಸರಿಯಾಗಿಯೇ ಇತ್ತು.

"ಹಸಿವಲ್ಲೇ ಕಳಿಸಿದೆ ನಾನು," ಎಂದಳು ರೋಸಿ.

"ಮಮ್ಮಿ, ಹಾಗೆ ಹೇಳಬೇಡಿ," ಲೊರ್ನಾ ಅವಳ ಭುಜ ಹಿಡಿದಳು. "ಅದೇ ತೂಕದಲ್ಲಿ ಇದ್ದಿದ್ದರೆ ಈ ನಾಲ್ಕು ವರ್ಷವೂ ಕಷ್ಟ ಇತ್ತು ಅಂತ ಡಾಕ್ಟ್ರೇ ನಿನ್ನೆ ಹೇಳಿದ್ದು. ನೀವೂ ಕೇಳಿದ್ದೀರಿ."

ಕೇಳಿದ್ದಳು. ನಂಬಿಯೂ ಇದ್ದಳು. ಅಷ್ಟಾದರೂ ಆ ಅರ್ಧ ಸಾನ್ನಾ ಗಂಟಲಿಂದ ಕೆಳಗಿಳಿಯುತ್ತಿರಲಿಲ್ಲ.

ಆಗ ಕಂಡಕ್ಟರ್ ಸರ್ವೋತ್ತಮ ಬಂದ. ಬೆಳಗಿನ ಟ್ರಿಪ್ ಮುಗಿಸಿ ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಒಂದು ಕಾಲದಲ್ಲಿ ಕಡ್ಡಿಯಂತಿದ್ದವನಿಗೆ ಈಗ ಒಳ್ಳೆಯ ಹೊಟ್ಟೆ. ಪೆಟ್ಟಿಗೆಯ ಬಳಿ ಕೈಮುಗಿದು ನಿಂತವನನ್ನು ರೋಸಿ ಕೇಳಿಯೇಬಿಟ್ಟಳು:

"ಸರ್ವೋತ್ತಮಣ್ಣ, ದಿನಾ ಜೊತೆಗಿದ್ದವರು ನೀವು. ಬಸ್‌ಸ್ಟ್ಯಾಂಡಿನಲ್ಲಿ ಇವರು ಕದ್ದು ತಿಂತಿದ್ದರಾ? ನನಗೆ ಸಿಟ್ಟು ಬರುವುದಿಲ್ಲ. ತಿಂದಿದ್ದರೆ ಸಾಕು ಅಂತ ಉಂಟು ನನಗೆ."

ಅವನು ತಲೆ ತಗ್ಗಿಸಿದ. "ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು ಬಾಯಮ್ಮ. ಆದರೆ ಸತ್ತವರ ಎದುರು ನಿಂತಿದ್ದೇನೆ. ನಮ್ಮ ಜೋಕಿಮ್ ಪರ್ಬುಗಳು ತಿನ್ನಲಿಲ್ಲ. ನನಗೆ ತಿನ್ನಿಸುತ್ತಿದ್ದರು."

"ಹಾಗಂದರೆ?"

"ಸಂಜೆ ನಮ್ಮ ಬಸ್ಸು ಬಂದು ನಿಂತ ಕೂಡಲೇ ಹೋಟೆಲಿಗೆ ಕರ್ಕೊಂಡು ಹೋಗುವುದು. ಗೋಳಿಬಜೆ, ಬನ್ಸ್, ಯಾವುದಾದರೂ ಒಂದು ಪ್ಲೇಟು. ನನ್ನ ಎದುರು ಇಟ್ಟು, ಆಚೆ ಬದಿ ಕೂತು ಗಲ್ಲಕ್ಕೆ ಕೈ ಕೊಟ್ಟು ನೋಡುವುದು. 'ನಿಧಾನ ತಿನ್ನು ಮಾರಾಯ, ಹೇಗುಂಟು ಹೇಳು' ಅನ್ನುವುದು. ನಾನು ಗರಿಗರಿ ಉಂಟು, ಶುಂಠಿ ಜಾಸ್ತಿ ಉಂಟು ಅಂತ ಹೇಳಬೇಕು. 'ಮತ್ತೆ?' ಅಂತ ಕೇಳುವುದು. ಎಲ್ಲ ಹೇಳಿ ಮುಗಿದ ಮೇಲೆ ಕೈ ತೊಳೆದು ಏಳುವುದು. ಮುಟ್ಟದೆ ಇದ್ದ ಕೈಯನ್ನು." ಅವನು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟ. "ನೋಡಿ ನನ್ನ ಹೊಟ್ಟೆ. ಇದು ಅವರದ್ದು ಬಾಯಮ್ಮ."

ಎರಡು ದಿನದಿಂದ ಕಣ್ಣೊದ್ದೆ ಮಾಡದ ರೋಸಿ ಆಗ ಅತ್ತಳು.

*

ನಾಲ್ಕು ಗಂಟೆಗೆ ಇಗರ್ಜಿಯ ಗಂಟೆ ಮೊಳಗಿತು. ಗುಂಡಿಯನ್ನೂ ಪೆಟ್ಟಿಗೆಯ ಅಗಲಕ್ಕೆ ತಕ್ಕಂತೆ ಇನ್ನೊಮ್ಮೆ ಅಗೆಯಬೇಕಾಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ತಿರುಗಿ ಬಂದರು.

ದುಃಖದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಆಂಜೆಲಾ ತನ್ನ ಮನೆಯಿಂದಲೇ ಗಂಜಿ, ಉಪ್ಪಿನಕಾಯಿ, ಒಂದು ಹಂಡೆ ಸಾನ್ನಾ ತಂದಿಟ್ಟಿದ್ದಳು. ಮಕ್ಕಳು ಮರಿಗಳೆಲ್ಲ ಉಂಡರು. ಸರ್ವೋತ್ತಮ ಕೊನೆಯ ಟ್ರಿಪ್ಪಿಗೆ ಹೊತ್ತಾಯಿತೆಂದು ಹೊರಟು ನಿಂತಾಗ ರೋಸಿ ಕದವಿಲ್ಲದ ಬಾಗಿಲಲ್ಲಿ ಅಡ್ಡ ಬಂದಳು.

"ಕೂತುಕೊಳ್ಳಿ."

ಅವನು ಜೋಕಿಮನ ಕುರ್ಚಿ ಬಿಟ್ಟು ಬೇರೆಯದರಲ್ಲಿ ಕೂತ. ಅವಳು ತಟ್ಟೆ ತಂದಳು. ಅದರಲ್ಲಿ ಇಡೀ ಎರಡು ಸಾನ್ನಾ. ಅದನ್ನು ಅವನ ಎದುರಿಟ್ಟು, ಆಚೆ ಬದಿಯಲ್ಲಿ ಜೋಕಿಮನ ಖಾಲಿ ಕುರ್ಚಿಯಲ್ಲಿ ಕೂತು ಗಲ್ಲಕ್ಕೆ ಕೈ ಕೊಟ್ಟಳು.

"ನಿಧಾನ ತಿನ್ನಿ. ಹೇಗುಂಟು ಹೇಳಿ."

ಸರ್ವೋತ್ತಮ ಒಂದು ಚೂರು ಮುರಿದು ಬಾಯಿಗಿಟ್ಟ. ಬಹಳ ಹೊತ್ತು ಅಗಿದ.

"ಮೆತ್ತಗುಂಟು ಬಾಯಮ್ಮ," ಎಂದ. "ಸ್ವಲ್ಪ ಹುಳಿ ಉಂಟು. ಶೇಂದಿಯ ಪರಿಮಳ ಉಂಟು."

"ಮತ್ತೆ?" ಎಂದಳು ರೋಸಿ.