ಕರೆಂಟ್ ಹೋದಾಗ ಮಲಗುವ ಮನುಷ್ಯ

ಭಂಕೂರಿಗೆ ಕರೆಂಟು ಹೇಳಿ ಬರುವುದಿಲ್ಲ, ಕೇಳಿ ಹೋಗುವುದಿಲ್ಲ. 2006ರ ಬೇಸಿಗೆಯಲ್ಲಂತೂ ಕಲ್ಲು ಕೊಯ್ಯುವ ಮಷಿನ್‌ಗಳಿಗೆ ಬೇಕಾದ ಮೂರು ಫೇಸಿನ ಕರೆಂಟು ರಾತ್ರಿ ಹತ್ತಕ್ಕೆ ಬಂದು ಬೆಳಗಿನ ಆರಕ್ಕೆ ಹೋಗುತ್ತಿತ್ತು. ಮನೆಗಳ ಕರೆಂಟು ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮಧ್ಯಾಹ್ನ ಮೂರರ ತನಕ ಪತ್ತೆ ಇರುತ್ತಿರಲಿಲ್ಲ. ಹೀಗಾಗಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಬದುಕುವವರು ಕರೆಂಟಿದ್ದಾಗ ದುಡಿಯುತ್ತಿದ್ದರು, ಕರೆಂಟು ಹೋದಾಗ ಮಲಗುತ್ತಿದ್ದರು.

ಸಂಗಮೇಶ್ವರನೂ ಹಾಗೆಯೇ. ಒಂದೇ ಬ್ಲೇಡಿನ ಸಣ್ಣ ಮಷಿನ್, ಅದರ ಮಾಲೀಕನೂ ಅವನೇ, ಕೊಯ್ಯುವವನೂ ಅವನೇ. ಕಲ್ಲು ಎತ್ತಿಕೊಡಲು ಭೀಮಶಾ ಒಬ್ಬ. ಬೆಳಿಗ್ಗೆ ಮನೆಗೆ ಬಂದು, ಮೈಗೆ ಮೆತ್ತಿದ ಕಲ್ಲಿನ ರಾಡಿ ತೊಳೆದುಕೊಂಡು, ಎರಡು ರೊಟ್ಟಿ ಮುರಿದು, ಎಂಟಕ್ಕೆ ಮಲಗಿದರೆ ಅವನ ಗೊರಕೆ ಓಣಿಯ ಕೊನೆಗೆ ಕೇಳುತ್ತಿತ್ತು. ಗೊರಕೆಗೆ ಓಣಿಯವರು ನಕ್ಕರು. ಆದರೆ ಆ ಗೊರಕೆ ನಡುವೆ ತಟ್ಟನೆ ನಿಂತು, ಉಸಿರೇ ಇಲ್ಲದೆ, ಸ್ವಲ್ಪ ಹೊತ್ತಿನ ಮೇಲೆ ನೀರಿನಿಂದ ಎದ್ದವನ ಹಾಗೆ ಅವನು ಹೌಹಾರಿ ಉಸಿರೆಳೆಯುತ್ತಿದ್ದುದನ್ನು ನೋಡಿದವಳು ಹೆಂಡತಿ ರಾಜೇಶ್ವರಿ ಒಬ್ಬಳೇ. ಅವಳಿಗೆ ನಗು ಬರಲಿಲ್ಲ.

ಹಟ ಹಿಡಿದು ಅವನನ್ನು ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಹೈದರಾಬಾದಿಗೆ ಕರೆದುಕೊಂಡು ಹೋದವಳೂ ಅವಳೇ. ಅಲ್ಲಿಯ ಡಾಕ್ಟರು ಒಂದು ರಾತ್ರಿ ಅವನ ಮೈಗೆಲ್ಲ ವಯರು ಹಚ್ಚಿ ಮಲಗಿಸಿ, ಬೆಳಿಗ್ಗೆ ಹೇಳಿದರು: ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಒಂದು ತಾಸಿಗೆ ನಲವತ್ತು ಸಲ ಉಸಿರು ನಿಲ್ಲುತ್ತದೆ. ನಿಂತಾಗಲೆಲ್ಲ ನಿದ್ದೆ ಒಡೆಯುತ್ತದೆ. ಆರು ತಾಸು ಮಲಗಿದರೂ ಮಲಗಿದಂತಲ್ಲ. ಮೂಗಿಗೆ ಮಾಸ್ಕು ಕಟ್ಟಿ ಗಾಳಿ ಊದುವ ಒಂದು ಮಷಿನ್ ಕೊಟ್ಟರು. ಗಂಟಲು ಮುಚ್ಚುವುದನ್ನು ಆ ಗಾಳಿ ತಡೆಯುತ್ತದೆ, ಮಲಗಿದಾಗಲೆಲ್ಲ ಹಾಕಿಕೊಳ್ಳಬೇಕು ಎಂದರು.

ಮಷಿನ್ ಮನೆಗೆ ಬಂತು. ಎಂಟಕ್ಕೆ ಹಾಕಿಕೊಂಡರೆ ಒಂಬತ್ತಕ್ಕೆ ಕರೆಂಟು ಹೋಗಿ ಅದು ನಿಂತೇಬಿಡುತ್ತಿತ್ತು. ಸಂಗಮೇಶ್ವರ ಅರೆನಿದ್ದೆಯಲ್ಲಿ ಮಾಸ್ಕು ಕಿತ್ತೆಸೆದು ಮತ್ತೆ ಗೊರಕೆಗೆ ಇಳಿಯುತ್ತಿದ್ದ. ಹದಿನೈದು ದಿನಕ್ಕೆ ಮಷಿನ್ ಮೂಲೆ ಸೇರಿತು. ರಾಜೇಶ್ವರಿಯ ಅತ್ತೆ ಮಹಾದೇವಮ್ಮ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು.

"ಹೈದರಾಬಾದ್‌ನವರು ನಮಗ ಟೋಪಿ ಹಾಕ್ಯಾರ," ಎಂದ ಸಂಗಮೇಶ್ವರ. "ಅದನ್ನ ಮುಖಕ್ಕ ಕಟಗೊಂಡಾಗ ಕರೆಂಟ್ ಹೋಗಿ, ಅದರಾಗೇ ಉಸಿರುಗಟ್ಟಿ ಸತ್ರ ಯಾರ್ ಜವಾಬ್ದಾರಿ?"

ಒಂದು ದಿನ ಭೀಮಶಾ ಮನೆಗೆ ಬಂದು ಹೊರಗೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಅಕ್ಕಾ, ಹೇಳಬ್ಯಾಡ ಅಂದಾನ ಅಣ್ಣ. ಆದ್ರೂ ಹೇಳ್ತೀನಿ. ನಿನ್ನಿ ರಾತ್ರಿ ನಿಂತಲ್ಲೇ ತೂಕಡಿಸಿ ಬ್ಲೇಡಿನ ಮ್ಯಾಲ ಬಗ್ಗಿದ್ದ. ನಾ ಅಂಗಿ ಹಿಡದು ಜಗ್ಗಿದೆ. ಕೈ ಇಷ್ಟ್ರಾಗ ಉಳೀತು." ಅವನು ಎರಡು ಬೆರಳು ಜೋಡಿಸಿ ತೋರಿಸಿದ. "ನಾ ದಿನಾ ಅಂಗಿ ಹಿಡಕೊಂಡು ನಿಂದರಲಿಕ್ಕ ಆಗ್ತದೇನಕ್ಕಾ?"

ರಾಜೇಶ್ವರಿ ಅಳುತ್ತ ಕೂರಲಿಲ್ಲ. ಮಷಿನ್ನಿನ ಮೇಲಿನ ಕಸೂತಿ ಬಟ್ಟೆಯಲ್ಲೇ ಅದನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಶಹಾಬಾದಿಗೆ ಹೋದಳು. ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಒಂದು ಬ್ಯಾಟರಿ ಅಂಗಡಿ. ಬೋರ್ಡಿನ ಮೇಲೆ ಶೌಕತ ಅಲಿಯ ಹೆಸರು. ಆದರೆ ಶೌಕತ ಅಲಿ ಮದುವೆಗಳಿಗೆ ಮೈಕ್ ಕಟ್ಟುತ್ತ ಊರೂರು ತಿರುಗುವವನು. ಅಂಗಡಿಯಲ್ಲಿ ಕುಳಿತು ಬ್ಯಾಟರಿ ಬಿಚ್ಚಿ, ತೊಳೆದು, ಜೋಡಿಸಿ, ಚಾರ್ಜಿಗೆ ಇಡುವವಳು ಅವನ ಹೆಂಡತಿ ನಜಮುನ್ನೀಸಾ. ಏಳನೆಯ ಇಯತ್ತೆಯ ತನಕ ರಾಜೇಶ್ವರಿಯ ಪಕ್ಕದಲ್ಲಿ ಕುಳಿತು ಓದಿದವಳು. ಶಾಲೆ ಅಲ್ಲಿಗೇ ನಿಂತರೂ ಕಲಿಯುವುದನ್ನು ನಿಲ್ಲಿಸಲಿಲ್ಲ. ಟ್ರಾಕ್ಟರಿನವರು, ಲಾರಿಯವರು ಬಂದು "ಅಕ್ಕಾ, ಸ್ವಲ್ಪ ನೋಡ್ರಿ" ಎಂದು ಕೈಕಟ್ಟಿ ನಿಲ್ಲುತ್ತಾರೆ. ಹೆಣ್ಣುಮಕ್ಕಳಿಗೆ ವಯರಿನ ಕೆಲಸ ಏನು ತಿಳಿಯುತ್ತದೆ ಎನ್ನುವವರು ಒಮ್ಮೆ ಆ ಅಂಗಡಿಗೆ ಹೋಗಿ ಬಂದು ಆಮೇಲೆ ಬಾಯಿ ತೆರೆಯಲಿ.

ರಾಜೇಶ್ವರಿ ಎಲ್ಲ ಹೇಳಿದಳು. ಕೊನೆಗೆ, "ಅಮಾಸಿಗಿ ಕಲ್ಲಿನ ಮಷಿನ್ ಎಲ್ಲಾ ಬಂದ್ ಇರ್ತಾವಲ್ಲ, ಅವತ್ತ ರಾತ್ರಿ ಇದನ್ನ ಹಾಕ್ಕೊಂಡು ಮಲಗಿದ್ರು. ಗೊರಕೀನೇ ಇಲ್ಲ! ಮುಂಜಾನೆ ಎದ್ದು ಅಮಾಸಿ ಪುಣ್ಯ ಅಂದ್ರು," ಎಂದಳು.

ನಜಮುನ್ನೀಸಾ ಜೋರಾಗಿ ನಕ್ಕಳು. "ಅರೆ, ಅಮಾಸಿ ಪುಣ್ಯ ಅಲ್ಲ, ಕರೆಂಟಿನ ಪುಣ್ಯ! ಅವತ್ತ ರಾತ್ರಿ ಮಲಗ್ಯಾನ, ರಾತ್ರಿ ಕರೆಂಟ್ ಇತ್ತು. ಮಷಿನ್ ಬರೋಬ್ಬರಿ ಅದ. ನಿನ್ನ ಗಂಡ ಮಲಗೂ ಹೊತ್ತು ಬರೋಬ್ಬರಿ ಇಲ್ಲ."

"ಹೊತ್ತು ಬದಲಿ ಮಾಡ್ಲಿಕ್ಕ ಬರಂಗಿಲ್ಲಲ್ಲ ನಜಮಾ. ರಾತ್ರಿ ಕೊಯ್ಯಲಿಲ್ಲಂದ್ರ ಉಣ್ಣೂದೇನು?"

"ಬದಲಿ ಯಾಕ? ರಾತ್ರಿ ಅವ ದುಡೀಲಿ, ಆಗ ಮನ್ಯಾಗ ಬ್ಯಾಟ್ರಿ ಕರೆಂಟ್ ಉಣ್ತದ. ಹಗಲಿಗಿ ಅವ ಮಲಗಲಿ, ಬ್ಯಾಟ್ರಿ ದುಡೀತದ. ಇಬ್ಬರೂ ಪಾಳಿ ಮ್ಯಾಲ ಇರಲಿ."

ಆಮೇಲೆ ಅವಳು ಮಷಿನ್ನನ್ನು ಬೋರಲು ಹಾಕಿ ಕೆಳಗಿನ ಅಕ್ಷರ ಓದಿದಳು. ಎಷ್ಟು ವೋಲ್ಟು, ಎಷ್ಟು ವ್ಯಾಟು ಎಂದು ಚೀಟಿಯ ಮೇಲೆ ಬರೆದುಕೊಂಡಳು. ಇಷ್ಟೇ ಸಾಕು ಎನ್ನಲಿಲ್ಲ. ಪಕ್ಕದ ಎಸ್.ಟಿ.ಡಿ. ಬೂತಿನಿಂದ ಹೈದರಾಬಾದಿನ ಮಷಿನ್ ಮಾರಿದವರಿಗೆ ಫೋನು ಹಚ್ಚಿ, ಇದಕ್ಕೆ ಎಂಥ ಇನ್ವರ್ಟರ್ ನಡೆಯುತ್ತದೆ, ಎಂಥದ್ದು ನಡೆಯುವುದಿಲ್ಲ ಎಂದು ಕೇಳಿಕೊಂಡಳು. ಮೂವತ್ತು ವರ್ಷದ ಅನುಭವ ಇದ್ದವರೂ ಕೇಳಲು ನಾಚುತ್ತಾರೆ. ಅವಳು ನಾಚಲಿಲ್ಲ.

ರಾಜೇಶ್ವರಿ ಮನೆಗೆ ಬಂದು ಹೇಳಿದರೆ ಸಂಗಮೇಶ್ವರ ಸಿಟ್ಟಿಗೆದ್ದ. "ಹೊಸಾ ಬ್ಯಾಟ್ರಿ ಯಾಕ? ಲಾರಿದು ಹಳೀ ಬ್ಯಾಟ್ರಿ ಶೆಡ್ಡಿನಾಗ ಬಿದ್ದದ. ಪರಿಚಯದ ಮಿಸ್ತ್ರಿ ಕಡೆ ಒಂದು ಇನ್ವರ್ಟರ್ ಅದ. ನಾನೇ ಜೋಡಸ್ತೀನಿ."

ಗುರುವಾರ ಬೆಳಿಗ್ಗೆ ಜೋಡಿಸಿಯೇ ಬಿಟ್ಟ. ಒಂಬತ್ತಕ್ಕೆ ಕರೆಂಟು ಹೋಯಿತು. ಒಂಬತ್ತೂವರೆಗೆ ಆ ಬ್ಯಾಟರಿಯ ಜೀವವೂ ಹೋಯಿತು. ಅವನು ಮಾಸ್ಕು ಕಿತ್ತೆಸೆದು ಎದ್ದು ಕುಳಿತ.

"ನೋಡಿದ್ಯಾ? ನಿನ್ನ ನಜಮಕ್ಕನ ಶಾಣ್ಯಾತನ?"

"ಇದು ನಜಮಕ್ಕನ ಬ್ಯಾಟ್ರಿ ಅಲ್ರಿ, ನಿಮ್ಮ ಗುಜರಿ ಬ್ಯಾಟ್ರಿ."

ಆ ದಿನ ಅವನಿಗೆ ನಿದ್ದೆಯೇ ಆಗಲಿಲ್ಲ. ರಾತ್ರಿ ಹತ್ತಕ್ಕೆ ಕಲ್ಲಿನ ಮಷಿನ್ ಶೆಡ್ಡಿಗೆ ಹೋಗಿ ನೋಡಿದರೆ ಮೇನ್ ಸ್ವಿಚ್ ಕೆಳಗಿಳಿದಿತ್ತು, ಮೂರೂ ಫ್ಯೂಸು ಇರಲಿಲ್ಲ. ಸಂಜೆಯೇ ರಾಜೇಶ್ವರಿ ಕರೆಂಟಿಲ್ಲದ ಹೊತ್ತು ನೋಡಿ, ಮೇನ್ ಇಳಿಸಿ, ಮೂರನ್ನೂ ಕಿತ್ತುಕೊಂಡು ಬಂದು ಜೋಳದ ಚೀಲದಲ್ಲಿ ಹುಗಿದಿದ್ದಳು.

"ಫ್ಯೂಸ್ ಕೊಡ್ತೀಯೋ ಇಲ್ಲೋ?" ಮನೆಗೆ ತಿರುಗಿ ಬಂದ ಅವನ ಕೂಗಿಗೆ ಓಣಿ ಎದ್ದಿತು.

"ನಿದ್ದಿ ಆಗಲಾರದ ದಿನ ಬ್ಲೇಡ್ ತಿರಗಂಗಿಲ್ಲ. ಕೈ ಹೋದ್ರ ನನಗ್ಯಾರು ಜೋಡಿಸಿಕೊಡ್ತಾರ್ರೀ? ಹೊಡೀತೀರೇನು? ಹೊಡೀರಿ. ಫ್ಯೂಸ್ ಮಾತ್ರ ಸಿಗಂಗಿಲ್ಲ."

ಅವನು ಹೊಡೆಯಲಿಲ್ಲ. ಹೋಗಿ ಫರ್ಸಿ ರಾಶಿಯ ಮೇಲೆ ಕುಳಿತು ಬೆಳತನಕ ಬೀಡಿ ಸೇದಿದ. ಮನೆಯಲ್ಲಿ ಕರೆಂಟೂ ಇತ್ತು, ಉಸಿರಿನ ಮಷಿನ್ನೂ ಇತ್ತು. ಬಂದು ಮಲಗಿದ್ದರೆ ಆಗುತ್ತಿತ್ತು. ಸಿಟ್ಟು ಬಂದ ಗಂಡಸಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಶುಕ್ರವಾರ ನಜಮುನ್ನೀಸಾಳ ಅಂಗಡಿಗೆ ಸೂಟಿ. ಬೆಳಿಗ್ಗೆ ಏಳಕ್ಕೇ ಆಟೋದಲ್ಲಿ ಬಂದಿಳಿದಳು. ಜೊತೆಗೆ ರಾಜೇಶ್ವರಿ ಹೇಳಿಟ್ಟಿದ್ದ ಇನ್ವರ್ಟರ್ ಒಂದು, ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ತಂದ ಹೊಸ ಬ್ಯಾಟರಿ ಒಂದು. ಮಲಗುವ ಕೋಣೆಯ ಹೊರಗೆ, ಗಾಳಿ ಆಡುವ ಪಡಸಾಲೆಯಲ್ಲಿ ಮಣೆಯ ಮೇಲೆ ಬ್ಯಾಟರಿ ಇಟ್ಟಳು. ವಯರು ಬಿಗಿಯುವಷ್ಟರಲ್ಲಿ ಮಹಾದೇವಮ್ಮ ಹೊಸ ವಸ್ತು ಬಂತೆಂದು ವಿಭೂತಿ, ಊದಿನಕಡ್ಡಿ, ಹಚ್ಚಿದ ದೀಪ ಹಿಡಿದುಕೊಂಡು ಬಂದಳು.

"ಎವ್ವಾ, ಅಲ್ಲೇ ನಿಂದರ್ರಿ!" ನಜಮುನ್ನೀಸಾ ಚೀರಿದಳು. ಮುದುಕಿ ಬೆದರಿ ನಿಂತಳು. ನಜಮುನ್ನೀಸಾ ತೋಳು ಸರಿಸಿ ಮುಂಗೈಯ ಸುಟ್ಟ ಕಲೆ ತೋರಿಸಿದಳು. "ಚಾರ್ಜ್ ಆಗೂ ಮುಂದ ಬ್ಯಾಟ್ರಿಯಿಂದ ಒಂದ್ ನಮೂನಿ ಗ್ಯಾಸ್ ಬರ್ತದ. ಕಿಡಿ ತಾಗಿದ್ರ ಒಡದು ಆಸಿಡ್ ಹಾರ್ತದ. ವಿಭೂತಿ ಬಾಜೂಕ ಹಚ್ಚ್ರಿ, ನಂದೇನೂ ತಕರಾರಿಲ್ಲ. ದೀಪ ದೇವರ ಮನ್ಯಾಗೇ ಇರಲಿ. ಬೀಡಿನೂ ಇಲ್ಲಿ ನಡ್ಯಂಗಿಲ್ಲ, ಸಂಗಣ್ಣಾ, ಕೇಳಿಸ್ತೇನು?"

ಕಿವಿಗೆ ಸಿಕ್ಕಿಸಿದ್ದ ಬೀಡಿಯನ್ನು ಸಂಗಮೇಶ್ವರ ಸುಮ್ಮನೆ ಕಿಸೆಗೆ ಇಳಿಸಿದ.

"ಈಗ ಮಲಗು. ನಿದ್ದಿ ಮಾಡಬ್ಯಾಡ. ಕಣ್ಣು ತಗದೇ ಮಾಸ್ಕ್ ಹಾಕ್ಕೋ."

"ಯಾಕ?"

"ಕರೆಂಟ್ ನಾ ತಗೀತೀನಿ. ನೀ ಸಾಯ್ತೀಯೋ ಇಲ್ಲೋ ಎಲ್ಲಾರೂ ನೋಡಮು."

ಅವನು ಮಾಸ್ಕು ಹಾಕಿಕೊಂಡು ಸೂರು ನೋಡುತ್ತ ಮಲಗಿದ. ನಜಮುನ್ನೀಸಾ ಗೋಡೆಯಿಂದ ಇನ್ವರ್ಟರಿನ ಪ್ಲಗ್ಗು ಕಿತ್ತಳು. ಫ್ಯಾನು ತಿರುಗುತ್ತಲೇ ಇತ್ತು, ಅದು ಮನೆಯ ಕರೆಂಟಿನದು. ಮಷಿನ್ ಒಂದು ಕ್ಷಣ ಬಿಕ್ಕಿತು. ಸಂಗಮೇಶ್ವರ ಎರಡೂ ಕೈಯಿಂದ ಚಾದರ ಹಿಡಿದ. ಮಷಿನ್ ಮತ್ತೆ ಮೊದಲಿನ ಹಾಗೆಯೇ ಸುಯ್ ಎಂದು ಊದತೊಡಗಿತು.

"ಸತ್ತ್ಯೇನು?" ಎಂದು ಕೇಳಿದಳು ನಜಮುನ್ನೀಸಾ.

ಮಾಸ್ಕಿನೊಳಗಿಂದ ಅವನು ಇಲ್ಲವೆಂದು ತಲೆ ಆಡಿಸಿದ.

"ಬ್ಯಾಟ್ರಿ ಪೂರಾ ಖಾಲಿ ಆದ್ರೂ ಸಾಯಂಗಿಲ್ಲ. ಈ ಮಾಸ್ಕಿಗಿ ಸಣ್ಣ ತೂತು ಅದಾವ. ಆದ್ರ ಗಾಳಿ ನಿಂತ ಮ್ಯಾಲ ಹಾಕ್ಕೊಂಡೇ ಮಲಗಬಾರದು. ತಗದು ಎದ್ದೇಳಬೇಕು."

ಮಷಿನ್ನಿಗೆ ಅಂಟಿದ ನೀರಿನ ಡಬ್ಬಿಯನ್ನೂ ಅವಳು ತೋರಿಸಿದಳು. ಗಾಳಿಗೆ ತೇವ ಕೊಡಲು ನೀರು ಕಾಯಿಸುವ ಡಬ್ಬಿ ಅದು. ನೀರು ಕಾಯಿಸಿದರೆ ಬ್ಯಾಟರಿ ಅರ್ಧಕ್ಕರ್ಧ ಅದಕ್ಕೇ ಹೋಗುತ್ತದೆ, ಡಾಕ್ಟರನ್ನು ಕೇಳಿ ಹಗಲಿನಲ್ಲಿ ಅದನ್ನು ಬಂದ್ ಇಡಿ ಎಂದಳು. ರಾಜೇಶ್ವರಿ ಊರಿನ ಎಸ್.ಟಿ.ಡಿ. ಬೂತಿಗೆ ಓಡಿ ಹೋಗಿ ಫೋನಿನಲ್ಲಿ ಕೇಳಿಯೇ ಬಂದಳು. ಅಡ್ಡಿ ಇಲ್ಲ ಎಂದರು ಡಾಕ್ಟರು.

ಸಂಗಮೇಶ್ವರ ನಿದ್ದೆ ಹೋದ. ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಫ್ಯಾನು ನಿಂತಿತು. ರಾಜೇಶ್ವರಿ ಬೀಸಣಿಗೆ ಹಿಡಿದು ಗಂಡನ ಪಕ್ಕ ಕುಳಿತಳು. ನಜಮುನ್ನೀಸಾ ಪಡಸಾಲೆಯಲ್ಲಿ ಮೀಟರು ಹಿಡಿದು ಬ್ಯಾಟರಿಯ ಪಕ್ಕ ಕುಳಿತಳು. ತಾಸಿಗೊಮ್ಮೆ ನೋಡಿ ಚೀಟಿಯಲ್ಲಿ ಬರೆಯುತ್ತಿದ್ದಳು. ಸೂಟಿಯ ದಿನ ತನ್ನ ಮನೆ ಬಿಟ್ಟು, ಇನ್ನೊಬ್ಬಳ ಗಂಡನ ನಿದ್ದೆ ಕಾಯಲು ಆರು ತಾಸು ಕುಳಿತ ಹೆಂಗಸು! ಇಂಥವರಿಗೆ ಯಾರೂ ಹಾರ ಹಾಕುವುದಿಲ್ಲ.

ಹನ್ನೊಂದಕ್ಕೆ ಮಹಾದೇವಮ್ಮ ಅಡುಗೆಮನೆಯಿಂದ ಓಡಿಬಂದಳು. ಕೈಯಲ್ಲಿ ಹಿಟ್ಟು.

"ರಾಜೀ, ಸಂಗು ಉಸಿರಾಡಾಕತ್ತಾನಿಲ್ಲ? ಸಪ್ಪಳೇ ಇಲ್ಲಲ್ಲ!"

"ಬರೋಬ್ಬರಿ ಉಸಿರಾಡಾಕತ್ತಾರ್ರಿ ಅತ್ತಿ, ಅದಕ್ಕೇ ಸಪ್ಪಳಿಲ್ಲ."

ಮುದುಕಿ ನಂಬಲಿಲ್ಲ. ಹಿಟ್ಟಿನ ಕೈಯನ್ನೇ ಮಗನ ಎದೆಯ ಮೇಲೆ ಇಟ್ಟು ನೋಡಿದಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಎಲ್ಲೂ ನಿಲ್ಲಲಿಲ್ಲ. ಹಗಲಿನಲ್ಲಿ ಆ ಮನೆ ಅಷ್ಟು ಸುಮ್ಮನಿರಬಲ್ಲದು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲೇ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎರಡೂವರೆಗೆ ಸಂಗಮೇಶ್ವರ ತಾನಾಗಿ ಎದ್ದ. ಅಂಗಿಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು. ತಲೆನೋವಿಲ್ಲ, ಕಣ್ಣುರಿ ಇಲ್ಲ.

"ಇವತ್ತ ಕರೆಂಟ್ ಹೋಗೇ ಇಲ್ಲೇನು?" ಎಂದು ಕೇಳಿದ.

ರಾಜೇಶ್ವರಿ ಬೀಸಣಿಗೆಯಿಂದ ಮೇಲಕ್ಕೆ ತೋರಿಸಿದಳು. ಫ್ಯಾನು ನಿಂತೇ ಇತ್ತು. ಅವನು ಫ್ಯಾನು ನೋಡಿದ, ಸುಯ್ಗುಡುವ ಮಷಿನ್ ನೋಡಿದ, ಆಮೇಲೆ ಬೆವರಿ ತೊಯ್ದ ಹೆಂಡತಿಯನ್ನು ನೋಡಿದ. ಬೀಸಣಿಗೆ ಅವಳ ಕೈಯಿಂದ ತೆಗೆದುಕೊಂಡು ಅವಳಿಗೇ ಬೀಸಿದ.

"ಇನ್ನೂ ಅರ್ಧಕ್ಕಿಂತ ಜಾಸ್ತಿ ಅದ," ಎಂದು ನಜಮುನ್ನೀಸಾ ಪಡಸಾಲೆಯಿಂದ ಕೂಗಿದಳು. ಸಂಗಮೇಶ್ವರ ಹೊರಗೆ ಬಂದು ಅವಳ ಎದುರು ನಿಂತ.

"ಅಕ್ಕಾ, ನಾ ಏನೇನೋ ಅಂದೆ."

"ಅಂದದ್ದು ಇರಲಿ, ಊಟಕ್ಕ ಕರೀತೀಯೋ ಇಲ್ಲೋ? ಮುಂಜಾನಿಂದ ಕುಂತೀನಿ."

ರಾತ್ರಿ ಹತ್ತಕ್ಕೆ ಅವನು ಹೊರಟಾಗ ರಾಜೇಶ್ವರಿ ಜೋಳದ ಚೀಲದಲ್ಲಿ ಕೈ ಹಾಕಿ ಮೂರೂ ಫ್ಯೂಸುಗಳನ್ನು ತೆಗೆದು, ಧೂಳು ಒರೆಸಿ, ಅವನ ಅಂಗೈಯಲ್ಲಿಟ್ಟಳು. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ. ಎರಡೂ ಕೈಗಳಲ್ಲಿ ಹತ್ತೂ ಬೆರಳಿದ್ದವು.

ಮುಂದೆ ಒಂದು ದಿನ ಕ್ರಿಕೆಟ್ ನೋಡಲು ಬ್ಯಾಟರಿಯಿಂದ ಟಿ.ವಿ.ಗೆ ವಯರು ಕೊಡು ಎಂದು ಪಕ್ಕದ ಮನೆಯ ದೇವಿಂದ್ರಪ್ಪ ಬಂದ. "ಒಂದ್ ತಾಸಿನ ಮಾತು ಸಂಗಣ್ಣಾ," ಎಂದ. ಸಂಗಮೇಶ್ವರ ಬಾಗಿಲಿಗೆ ಅಡ್ಡ ನಿಂತ. "ಅದು ನನ್ನ ಉಸಿರಪ್ಪಾ. ಉಸಿರು ಯಾರಾದ್ರೂ ಕಡಾ ಕೊಡ್ತಾರೇನು?"

ಓದುತ್ತಿರುವ ಅಣ್ಣಂದಿರಾ, ಅಕ್ಕಂದಿರಾ, ನಿಮಗೇ ಹೇಳುತ್ತಿದ್ದೇನೆ. ಮನೆಯಲ್ಲಿ ಯಾರದ್ದಾದರೂ ಗೊರಕೆ ನಡುವೆ ನಿಂತು ಉಸಿರು ಕಟ್ಟುತ್ತಿದ್ದರೆ, ಹಗಲೆಲ್ಲ ಅವರು ತೂಕಡಿಸುತ್ತಿದ್ದರೆ ನಗಬೇಡಿ, ಡಾಕ್ಟರಿಗೆ ತೋರಿಸಿ. ಉಸಿರಿನ ಮಷಿನ್ ಇದ್ದರೆ ಅದಕ್ಕೆಂದೇ ಒಂದು ಬ್ಯಾಟರಿ ಇಡಿ, ಟಿ.ವಿ.ಗೂ ಮಿಕ್ಸಿಗೂ ಅದನ್ನು ಹಂಚಬೇಡಿ. ಗುಜರಿ ಬ್ಯಾಟರಿ ತಂದು ಜಾಣತನ ಮಾಡಬೇಡಿ. ಯಾವುದು ಹೊಂದುತ್ತದೆ ಎಂದು ಮಷಿನ್ ಕೊಟ್ಟವರನ್ನೇ ಕೇಳಿ. ಎಚ್ಚರವಿದ್ದಾಗಲೇ ಪ್ಲಗ್ಗು ಕಿತ್ತು ಪರೀಕ್ಷೆ ಮಾಡಿ, ತಿಂಗಳಿಗೊಮ್ಮೆ ಮತ್ತೆ ಮಾಡಿ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿ, ನಲ್ಲಿಯದ್ದಲ್ಲ. ಬೆಂಕಿ ದೂರ ಇಡಿ. ಇಷ್ಟೆಲ್ಲ ಮಾಡಿದರೂ ಒಂದು ದಿನ ನಿದ್ದೆ ತಪ್ಪಿತೇ? ಅವತ್ತು ಬ್ಲೇಡು, ಸ್ಟೇರಿಂಗು, ಯಾವುದನ್ನೂ ಮುಟ್ಟಬೇಡಿ. ಮನೆಯವರು ಮುಟ್ಟಲು ಹೋದರೆ ಫ್ಯೂಸು ಎಲ್ಲಿ ಹುಗಿಯಬೇಕೆಂದು ರಾಜೇಶ್ವರಿ ತೋರಿಸಿಕೊಟ್ಟಿದ್ದಾಳೆ.