ಪುಟ ತಿರುಗಿಸುವವನ ಕುರ್ಚಿ

ಒಂಬತ್ತಾದರೂ ಮಂಜು ಕರಗುವ ಲಕ್ಷಣವಿಲ್ಲ, ಸಭಾಂಗಣದ ಎತ್ತರದ ಕಿಟಕಿಗಳಾಚೆ ಬೀದಿಯೊಂದು ಇದೆಯೋ ಇಲ್ಲವೋ ಎಂಬಂತೆ, ಇಂಥ ಬೆಳಗಿನಲ್ಲಿ ಪಿಯಾನೋದ ಕೀಗಳೂ ಶೀತ ಹಿಡಿದವರ ಹಾಗೆ ಭಾರ, ಒತ್ತಿದರೆ ಒಂದು ಗಳಿಗೆ ಯೋಚಿಸಿ ಏಳುತ್ತವೆ — ಥೇಟ್ ನಿನ್ನ ಹಾಗೇ ಕಣೋ, ಕರೆದ್ರೆ ಯೋಚನೆ ಮಾಡಿ ಓಗೊಡೋದು, ಎನ್ನುತ್ತಿದ್ದ ದರ್ಜಿ, ಆಗ ಇಬ್ಬರಿಗೂ ಒಂದೇ ಮನೆ, ಒಂದೇ ಹಾಸಿಗೆ, ಬೀಗದ ಕೈ ಮಾತ್ರ ಎರಡು, ಒಟ್ಟಿಗೆ ಒಳಗೆ ಹೋಗುವುದನ್ನು ಯಾರೂ ಕಾಣಬಾರದೆಂದು. ಎಡಗಡೆ ಕುರ್ಚಿ ಬಂದಿದೆ. ಪಿಯಾನೋ ಮುಂದೆ ಕೂತ ಇವನೇ ಕೇಳಿ ತರಿಸಿದ್ದು, ಪುಟ ತಿರುಗಿಸುವವನ ಕುರ್ಚಿ, ವಾದಕನ ಮೊಣಕೈಗೆ ಒಂದು ಗೇಣು ದೂರ, ಎಂಟು ವರ್ಷ ದರ್ಜಿ ಬದುಕಿದ್ದು ಆ ಒಂದು ಗೇಣಿನಲ್ಲೇ, ಸ್ವರಲಿಪಿಯ ಒಂದಕ್ಷರ ಓದಲು ಬಾರದು, ಇವನು ಗದ್ದ ಅಲುಗಿಸಿದರೆ ಏಳುವುದು, ಹಾಳೆ ಮಗುಚುವುದು, ಕೂರುವುದು. ಇವನಿಗೇನು ಹಾಳೆ ಬೇಕಿತ್ತೇ, ಎಲ್ಲ ಬಾಯಿಪಾಠ, ಬೆರಳಪಾಠ, ಆದರೂ ಪುಸ್ತಕ ತೆರೆದಿಡುತ್ತಿದ್ದ, ಐನೂರು ಜನರೆದುರು ಇಬ್ಬರೂ ಪಕ್ಕಪಕ್ಕ ಕೂರಲು ಬೇರಾವ ನೆಪವಿತ್ತು, ಕೈಯೇನೋ ಚೆನ್ನ, ನೆನಪು ಮಂದ ಎಂದು ಪತ್ರಿಕೆಯವರು ಬರೆದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು — ದೇವರ ಮುಂದೆ ಕೂತಾಗಲೂ ಇವನು ಅಷ್ಟು ನೆಮ್ಮದಿಯಿಂದ ಕೂತದ್ದಿಲ್ಲ.

ಚಪ್ಪಾಳೆಗೆ ಪುಟ ತಿರುಗಿಸುವವನು ಏಳಬಾರದು, ಅದು ವೇದಿಕೆಯ ಕಟ್ಟಳೆ, ವಾದಕ ಎದ್ದು ಬಾಗುತ್ತಾನೆ, ಅವನು ಕೂತಲ್ಲೇ ತನ್ನ ಮಂಡಿ ನೋಡಿಕೊಂಡಿರಬೇಕು, ಇಲ್ಲದವನಂತೆ. ಬಾಗಿದಾಗ ಕಂಕುಳ ಸಂದಿನಿಂದ ಇವನಿಗೆ ಅದೇ ಕಾಣುವುದು, ತಗ್ಗಿದ ತಲೆ, ಕರಿ ಪ್ಯಾಂಟಿನ ಮಂಡಿಯ ಮೇಲೆ ಅಂಗಡಿಯಿಂದ ಅಂಟಿಕೊಂಡು ಬಂದ ಒಂದೆಳೆ ಬಿಳಿ ದಾರ. ಒಂದೇ ಒಂದ್ಸಲ ನಾನೂ ಎದ್ದು ನಿಲ್ಲಲೇನೋ, ನಿನ್ನ ಪಕ್ಕ? ಮುಂದಿನ ಸಲ. ಹೋದ್ಸಲಾನೂ ಅದನ್ನೇ ಅಂದಿದ್ದೆ. ಈ ಊರಲ್ಲಿ ಬೇಡ, ಅಕ್ಕ ಭಾವ ಬಂದಿರ್ತಾರೆ, ಮುಂದಿನ ಸಲ, ಖಂಡಿತ — ಹೀಗೆ ಎಂಟು ವರ್ಷ, ಆಮೇಲೆ ಕಾರ್ಯದರ್ಶಿಯಮ್ಮ, ಇದೇ ಸಭೆಯ ಇದೇ ಅಮ್ಮ, ಹನ್ನೊಂದು ವರ್ಷದ ಹಿಂದೆ ಚಹಾ ಕಲಕುತ್ತ ಕಲಕುತ್ತ, ಆ ಟೇಲರ್ ಯಾಕೆ ಸಾರ್ ಸುಮ್ನೆ, ಜನ ಏನೇನೋ ಆಡ್ಕೋತಾರೆ, ನಮ್ಮವರನ್ನೇ ಒಬ್ರನ್ನ ಕೂರಿಸೋಣ. ದರ್ಜಿ ಬಾಗಿಲಲ್ಲೇ ಕೋಟು ಹಿಡಿದು ನಿಂತಿದ್ದ. ಇವನು ಸರಿ ಎಂದ. ಎಷ್ಟು ಸಣ್ಣ ಮಾತು, ನಾಲಿಗೆಗೆ ಭಾರವೇ ಆಗಲಿಲ್ಲ. ಆ ವಾರವೇ ದರ್ಜಿ ಹೊಲಿಗೆ ಯಂತ್ರ ಹೊತ್ತುಕೊಂಡು ತಂಗಿಯ ಮನೆಗೆ ಹೋದ, ಇವನು ಪುಸ್ತಕ ಮಡಚಿಟ್ಟು ಒಬ್ಬನೇ ನುಡಿಸಿದ, ವಯಸ್ಸಾದಂತೆ ನೆನಪು ಚುರುಕಾಗುತ್ತಿದೆ ಎಂದು ಅದೇ ಪತ್ರಿಕೆಯವರು ಬೆನ್ನು ತಟ್ಟಿದರು.

ಈಗ ಗಾಳಿ ತಿರುಗಿದೆ. ಬಾಗಿಲಲ್ಲಿ ಇವನ ಮುಖ ಅಂಟಿಸಿದ್ದಾರೆ, ಕಾರ್ಯಕ್ರಮದ ಹೆಸರು ಬಚ್ಚಿಟ್ಟ ಒಲವಿನ ನಾದವಂತೆ, ಟಿಕೆಟ್ಟೆಲ್ಲ ಖಾಲಿಯಂತೆ, ಚಹಾ ಲೋಟ ಹಿಡಿದೇ ಕಾರ್ಯದರ್ಶಿಯಮ್ಮ ಬಂದರು, ಸಾರ್, ನುಡಿಸೋ ಮುಂಚೆ ಐದು ನಿಮಿಷ ನಿಮ್ಮ ಬಗ್ಗೆ ಹೇಳಿ, ಮನಸ್ಸು ಬಿಚ್ಚಿ, ಈಗೆಲ್ಲ ಜನ ಇಷ್ಟಪಡ್ತಾರೆ. ನಾನು ಹೇಳೋದು ಹನ್ನೊಂದು ವರ್ಷದ ಹಿಂದೇನೇ ಹೇಳಾಯ್ತಲ್ಲಮ್ಮ, ನಿಮ್ಮೆದುರಿಗೇ. ಏನಂದ್ರಿ? ಏನಿಲ್ಲ, ಆ ಕುರ್ಚಿ ಸ್ವಲ್ಪ ಹತ್ತಿರ ಹಾಕಿಸಿ. ಹತ್ತೂವರೆಗೆ ದರ್ಜಿ ಬಂದ, ತಲೆ ಬೆಳ್ಳಗೆ, ಮಂಜು ಕೂತಿದೆಯೆಂದುಕೊಂಡರೆ ಅದು ಮಂಜಲ್ಲ. ಇವನು ಬರೆದ ನಾಲ್ಕು ಕಾಗದಕ್ಕೆ ಒಂದೇ ಸಾಲು ಉತ್ತರ ಬಂದಿತ್ತು, ಈ ಒಂದು ಸಲ ಬರ್ತೀನಿ, ಒಂದೂವರೆ ಬಸ್ಸಿಗೆ ವಾಪಸ್ ಹೋಗ್ತೀನಿ. ಕುಶಲ ಕೇಳಲಿಲ್ಲ, ಇವನ ಸುತ್ತ ಒಮ್ಮೆ ಸುತ್ತಿದ, ಹೊಟ್ಟೆ ಬಂದಿದೆ, ನಾನು ಹೊಲಿದ ಕೋಟು ಅಳ್ತಿದೆ, ತಿರುಗು. ಬೆನ್ನ ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲಿಸಿದ, ಕರಿ ದಾರ ತಂದಿಲ್ಲ, ಬಿಳೀದ್ರಲ್ಲೇ ಹಾಕ್ತೀನಿ, ಒಳಗಿಂದ, ಕಾಣಲ್ಲ. ಕಂಡ್ರೆ ಕಾಣ್ಲಿ ಬಿಡು. ಕಂಡ್ರೆ ನನ್ನ ಅಂಗಡಿ ಮರ್ಯಾದೆ ಹೋಗುತ್ತೆ. ದಾರವನ್ನು ಹಲ್ಲಿನಲ್ಲಿ ಕಡಿಯುವಾಗ ಉಸಿರು ಬೆನ್ನಿಗೆ ತಾಗಿತು, ಹನ್ನೊಂದು ವರ್ಷದ ಮೇಲೆ, ಇವನು ಕಣ್ಣು ಮುಚ್ಚಿದ, ನನ್ನ ಕ್ಷಮಿಸ್ತೀಯಾ? ಅಲುಗಾಡಬೇಡ, ಸೂಜಿ ಚುಚ್ಚುತ್ತೆ.

ನುಡಿಸುತ್ತಾನೆ, ಕೀಗಳು ಈಗ ಯೋಚಿಸುತ್ತಿಲ್ಲ, ಗದ್ದ ಅಲುಗುವ ಮೊದಲೇ ಹಾಳೆ ಮಗುಚುತ್ತಿದೆ, ಮರೆತಿಲ್ಲ ದರ್ಜಿ, ದೇವರೇ, ಒಂದು ಪುಟವನ್ನೂ ಮರೆತಿಲ್ಲ, ಒಂದು ಗೇಣು ಆಚೆ ಸೀಮೆಸುಣ್ಣದ, ಇಸ್ತ್ರಿಯ ಅದೇ ವಾಸನೆ, ಈ ಪುಟಗಳು ಮುಗಿಯಬಾರದಿತ್ತು, ಮುಗಿದವು, ಚಪ್ಪಾಳೆ, ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಯಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಎಷ್ಟು ಸಲೀಸು ಕೆಲವರಿಗೆ ಕಣ್ಣೀರು — ಇವನು ಎದ್ದ, ಬಾಗಲಿಲ್ಲ, ದರ್ಜಿಯ ಮೊಣಕೈ ಹಿಡಿದು ಎಬ್ಬಿಸಿದ, ಎಬ್ಬಿಸಿ ಆ ಕುರ್ಚಿಯಲ್ಲಿ ತಾನು ಕೂತ. ಏನೋ ಇದು, ಏಳು, ಜನ ನೋಡ್ತಿದಾರೆ. ನೋಡ್ಲಿ. ಏಳೋ ಅಂದ್ರೆ. ಇದು ನಿಂದು, ನಿಂತ್ಕೋ. ದರ್ಜಿ ನಿಂತ, ಕೈ ಎಲ್ಲಿಡಬೇಕೆಂದು ತಿಳಿಯದೆ, ಅಳತೆ ಕೊಡುವವನಂತೆ ತೋಳೆರಡನ್ನೂ ಮೈಯಿಂದ ದೂರ ಹಿಡಿದು ನಿಂತ, ಚಪ್ಪಾಳೆ ಅವನ ಮೇಲೆ ಬೀಳುತ್ತಿದೆ, ತಡವಾಗಿ, ಒಂದೂವರೆ ಬಸ್ಸು ಒಂದೂವರೆಗೇ ಹೊರಡುತ್ತದೆ, ಅದು ಯಾರಿಗಾಗಿಯೂ ನಿಲ್ಲುವುದಿಲ್ಲ, ಇವನು ತಲೆ ತಗ್ಗಿಸಿದ, ಕಟ್ಟಳೆಯ ಪ್ರಕಾರ ತನ್ನ ಮಂಡಿ ನೋಡಿಕೊಂಡ, ಕರಿ ಬಟ್ಟೆ, ಅದರ ಮೇಲೆ ಒಂದೆಳೆ, ಬೆಳಿಗ್ಗೆ ಹಲ್ಲಿನಲ್ಲಿ ಕಡಿದದ್ದು, ಬಿಳಿ ದಾರ, ಬಿಳಿ ದಾರ